ನಗದ ಮುಖಕ್ಕೆ ಒಂದು ಇಂಗ್ಲಿಷ್ ಪದ

ನಾನು ಹುಟ್ಟಾ ಸಂಶಯದವಳು. ಹಾಲಿನವನು ಹಾಲು ಹಾಕಿ ಹೋದ ಮೇಲೆ ಬೆರಳದ್ದಿ ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು ತೀರಾ ನಯವಾಗಿ ಮಾತಾಡಿದರೆ ಬ್ಯಾಗನ್ನು ಆ ತೊಡೆಯಿಂದ ಈ ತೊಡೆಗೆ ದಾಟಿಸುತ್ತೇನೆ. ಬೀಗ ಹಾಕಿ ಓಣಿಯ ತಿರುವಿನತನಕ ಹೋದವಳು ಮತ್ತೆ ಬಂದು ಎಳೆದು ನೋಡುತ್ತೇನೆ. ನಮ್ಮ ಮನೆಯವರು ಇದನ್ನು ರೋಗ ಅನ್ನುತ್ತಾರೆ, ನಾನು ಎಚ್ಚರ ಅನ್ನುತ್ತೇನೆ. ಇಂಥ ನಾನು ನನ್ನ ಒಂಬತ್ತು ತಿಂಗಳ ಮಗಳನ್ನು, ಮುಖದ ಮೇಲೆ ಏನೆಂದರೆ ಏನೂ ತೋರಿಸದ ಒಬ್ಬ ಹೆಂಗಸಿನ ಕೈಗೆ ಒಪ್ಪಿಸಿ ದಿನಾ ಕೆಲಸಕ್ಕೆ ಹೋಗಬೇಕಾಗಿ ಬಂತು.

ನಾವಿರುವುದು ಶಹಾಪುರದಲ್ಲಿ, ಬಾಡಿಗೆ ಮನೆ. ಮೇಲೆ ಮಾಲಕರು, ಕೆಳಗೆ ನಾವು. ನಾನು ಗೋಗಿ ಹಾದಿಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆಯವರದು ಕಡೇಚೂರಿನ ಕಡೆ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಯಾದಗಿರಿಯಲ್ಲಿ ರೂಮು ಮಾಡಿಕೊಂಡಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ನನ್ನ ತವರು ಸುರಪುರ. ಅವ್ವ ಬಾಣಂತನ ಮುಗಿಸಿ ನನ್ನ ಜೊತೆ ಇನ್ನೂ ಕೆಲವು ತಿಂಗಳು ಇದ್ದಳು, ಅಷ್ಟರಲ್ಲಿ ತಮ್ಮನ ಹೆಂಡತಿಯ ದಿನ ತುಂಬಿದವು, ಗಂಟು ಕಟ್ಟಿಕೊಂಡು ಬಸ್ ಹತ್ತಿದಳು. ನನ್ನ ರಜೆಯೂ ಮುಗಿದಿತ್ತು.

ಹೆಂಗಸನ್ನು ಹುಡುಕಿಕೊಟ್ಟವರು ಮಾಲಕರ ಹೆಂಡತಿ. ಯಾದಗಿರಿಯವರು, ಮಾತು ಜೋರು. ಓಣಿಯ ಯಾವ ಮನೆಯಲ್ಲಿ ಯಾವ ಒಗ್ಗರಣೆ ಬಿತ್ತು ಅನ್ನುವುದು ಅವರಿಗೆ ಮಹಡಿಯ ಮೇಲಿಂದಲೇ ಗೊತ್ತಾಗುತ್ತದೆ.

"ಹಿಂದಿನ ಓಣ್ಯಾಗ ಒಬ್ಬಾಕಿ ಅದಾಳ ನೋಡ್ರಿ ಟೀಚರ್. ಹುಣಸಗಿ ಕಡಿಯಾಕಿ, ಒಬ್ಬಾಕೇ ಇರ್ತಾಳ. ಹತ್ತಿ ಬಿಡಿಸಾಕ ಹೋಗ್ತಿದ್ಳು, ಈಗ ಮೊಣಕಾಲು ಕೇಳಂಗಿಲ್ಲ. ಕೈ ಬಾಯಿ ಶುದ್ಧ. ಆದ್ರ..." ಎಂದು ನಿಲ್ಲಿಸಿದರು.

"ಆದ್ರ ಏನ್ರಿ?"

"ಏನಿಲ್ರಿ. ಜರಾ ಮಾರಿ ಹಂಗ. ನೀವೇ ನೋಡ್ತೀರಲ್ಲ."

ಮರುದಿನ ಬೆಳಿಗ್ಗೆ ಬಂದಳು. ಐವತ್ತರ ಆಸುಪಾಸು, ಗಟ್ಟಿ ಮೈ, ತೊಳೆದು ತೊಳೆದು ಬಣ್ಣ ಹೋದ ಸೀರೆ. ಕೂಸನ್ನು ಕೈಗೆ ಕೊಟ್ಟೆ. ನನ್ನ ಮಗಳು ಯಾರನ್ನು ಕಂಡರೂ ನಗುವ ಕೂಸು. ಆಗಷ್ಟೇ ಮೂಡಿದ್ದ ಎರಡು ಹಲ್ಲು ತೋರಿಸಿ ಬಾಯ್ತುಂಬ ನಕ್ಕಿತು. ಎಂಥವರೂ ಕರಗಬೇಕು. ಆಕೆ ಗೋಡೆಯ ಗಡಿಯಾರ ನೋಡಿದ ಹಾಗೆ ಅದರ ಮುಖವನ್ನೊಮ್ಮೆ ನೋಡಿ, ಕಣ್ಣನ್ನು ಬಾಗಿಲ ಕಡೆ ಹೊರಳಿಸಿ, "ತಿನ್ನಾಕ ಏನೇನ್ ಕೊಡಬೇಕ್ರಿ ಅಕ್ಕೋರ?" ಎಂದು ಕೇಳಿದಳು. ನಾನು ಆಕೆಯನ್ನು ದೊಡ್ಡವ್ವ ಎಂದು ಕರೆಯತೊಡಗಿದೆ. ಕರೆಯುವುದೇನೋ ಕರೆದೆ, ಮನಸ್ಸು ಮಾತ್ರ ಹೊಸ್ತಿಲಲ್ಲೇ ನಿಂತಿತ್ತು.

ಅಂದು ಸಂಜೆ ಮನೆಯವರಿಗೆ ಫೋನಿನಲ್ಲಿ ಹೇಳುವಾಗ ಆಕೆ ಇನ್ನೂ ಅಡುಗೆಮನೆಯಲ್ಲಿ ಬಾಟಲಿ ತೊಳೆಯುತ್ತಿದ್ದಳು. ಹಾಗಾಗಿ ಇಂಗ್ಲಿಷಿನಲ್ಲಿ ಹೇಳಿದೆ: ಆಕೆ ಸ್ವಲ್ಪ ರಿಸರ್ವ್ಡ್.

"ಮಾತಾಡಾಕ ಇಟ್ಕೊಂಡೀಯೇನು? ಕೂಸು ನೋಡ್ಕೊಳ್ಳಾಕ ಇಟ್ಕೊಂಡಿ," ಅಂದರು ಅವರು.

ಅದು ಶುರು. ಆಮೇಲೆ ಆಕೆಯ ಬಗ್ಗೆ ನಾನು ಮನಸ್ಸಿನಲ್ಲೂ ಇಂಗ್ಲಿಷಿನಲ್ಲೇ ಯೋಚಿಸುವುದು ರೂಢಿಯಾಯಿತು. ಇದರಲ್ಲೊಂದು ಅನುಕೂಲವಿದೆ. ನಮ್ಮ ಭಾಷೆಯಲ್ಲಿ ಮುಖ ಬಿಚ್ಚದವರಿಗೆ ಗುಮ್ಮನಗುಸುಕ ಅನ್ನುತ್ತೇವೆ, ಮಾರಿ ಗಂಟು ಹಾಕ್ಕೊಂಡಾಳ ಅನ್ನುತ್ತೇವೆ, ಕಲ್ಲು ಅನ್ನುತ್ತೇವೆ. ಅಂದ ಕೂಡಲೇ ಅದು ಬೈಗುಳ, ಅಂದವರ ಬಾಯಿಗೂ ಕಹಿ ಹತ್ತುತ್ತದೆ. ಇಂಗ್ಲಿಷಿನಲ್ಲಿ ಸಂಶಯಪಟ್ಟರೆ ಅದು ಸಂಶಯ ಅನ್ನಿಸುವುದೇ ಇಲ್ಲ, ವರ್ಣನೆ ಅನ್ನಿಸುತ್ತದೆ. ನಾನು ಇಂಗ್ಲಿಷ್ ಟೀಚರ್ ಬೇರೆ. ಪದಗಳಿಗೇನು ಬರವೇ?

ಆಕೆಯ ಕೆಲಸದಲ್ಲಿ ಕೊರತೆ ಇರಲಿಲ್ಲ, ಅದನ್ನು ಮೊದಲೇ ಹೇಳಬೇಕು. ಹೊತ್ತಿಗೆ ಸರಿಯಾಗಿ ಬರುವಳು. ರಾಗಿ ಗಂಜಿಯಲ್ಲಿ ಒಂದು ಗಂಟೂ ಇರುತ್ತಿರಲಿಲ್ಲ. ಕೂಸಿನ ಬಟ್ಟೆ ಒಗೆದು, ಬಿಸಿಲಿಗೆ ಹಾಕಿ, ಮಡಿಸಿ ಇಡುವಳು. ಅದೇ ನನಗೆ ಸರಿಬರಲಿಲ್ಲ. ಇಷ್ಟು ಚೆನ್ನಾಗಿ ಮಾಡುವವಳು ಯಾಕೆ ಒಮ್ಮೆಯೂ ಕೂಸನ್ನು ಮುದ್ದು ಮಾಡುವುದಿಲ್ಲ? ಚಿನ್ನ ಬಂಗಾರ ಅನ್ನುವುದು ಹೋಗಲಿ, ಹೆಸರು ಹಿಡಿದೂ ಕರೆಯುತ್ತಿರಲಿಲ್ಲ. "ಇದಕ್ಕ ಹಾಲು ಕುಡಿಸೇನ್ರಿ", "ಇದು ಮಕ್ಕೊಂಡೈತ್ರಿ", ಅಷ್ಟೇ. ಸಾಲೆಯಿಂದ ಬಂದವಳೇ ನಾನು ಕೂಸನ್ನು ಎತ್ತಿಕೊಂಡು "ನೋಡು ದೊಡ್ಡವ್ವ, ಮ್ಯಾಲಿನ ಹಲ್ಲೂ ಬರಾಕತ್ತಾವ" ಅಂದರೆ, "ಹ್ಞೂಂ" ಅಂದು ನಲ್ಲಿಯ ಕಡೆ ನಡೆದುಬಿಡುವಳು. ಕೂಸು ಮೊದಲ ಸಲ ಬಾಯಿ ಕೂಡಿಸಿ ಏನೋ ಒಂದು ಮಾತು ಅಂದಾಗ ನಾನು ಕುಣಿದಾಡಿದೆ. ಆಕೆ ಒಣಗಿದ ಬಟ್ಟೆ ಮಡಿಸುತ್ತಿದ್ದವಳು ಮಡಿಸುತ್ತಲೇ ಇದ್ದಳು. ರಿಸರ್ವ್ಡ್ ಅನ್ನುವುದು ಹಳೆಯದಾಯಿತು, ಭಾವವೇ ಕಾಣದ ಮುಖಕ್ಕೆ ಅನ್ನುವ ಇಂಪ್ಯಾಸಿವ್ ಬಂತು. ಅದಾದ ಮೇಲೆ ಅಲೂಫ್. ದೀಪಾವಳಿಯ ಹೊತ್ತಿಗೆ ನಾನು ಕೋಲ್ಡ್ ಅನ್ನುವತನಕ ಇಳಿದಿದ್ದೆ.

ಸಂಜೆ ಸ್ನಾನ ಮಾಡಿಸುವಾಗ ಕೂಸಿನ ಮೈಯೆಲ್ಲ ನೋಡುತ್ತಿದ್ದೆ, ತೋಳಿನ ಕೆಳಗೆ, ತೊಡೆಯ ಸಂದಿಯಲ್ಲಿ, ಕಿವಿಯ ಹಿಂದೆ. ಎಲ್ಲೂ ಒಂದು ಗೀರಿಲ್ಲ. ಸಮಾಧಾನ ಆಗಬೇಕಿತ್ತು. ನನಗೆ ಅನ್ನಿಸಿದ್ದು, ಹೆಂಗಸು ಜಾಣೆ ಎಂದು.

ಇನ್ನೊಂದು ವಿಷಯ ನನ್ನ ನಿದ್ದೆ ಕೆಡಿಸಿತು. ಮೊದಮೊದಲು ನಾನು ಚಪ್ಪಲಿ ಮೆಟ್ಟಿದ ಕೂಡಲೇ ಕೂಸು ಗೋಳೋ ಅನ್ನುತ್ತಿತ್ತು. ಬರಬರುತ್ತಾ ಅಳುವುದನ್ನೇ ಬಿಟ್ಟಿತು. ಆಕೆಯ ಹೆಗಲ ಮೇಲೆ ಕೂತು ನನ್ನನ್ನು ನೋಡುತ್ತಿತ್ತು, ಅಷ್ಟೇ. ಬೇರೆ ತಾಯಂದಿರು ಇದಕ್ಕೆ ಸಂತೋಷಪಡುತ್ತಾರೇನೋ. ನಾನು ಹಾಲಿನ ಬಾಟಲಿ ಮೂಸಿ ನೋಡಿದೆ.

ಮಾಲಕರ ಹೆಂಡತಿ ಉರಿಯುವ ಒಲೆಗೆ ಎಣ್ಣೆ ಹಾಕಿದರು. "ಹಿಂದಕ ಕೆಲವರು ಕೂಸಿಗಿ ಗಸಗಸಿ ಅರದು ಕುಡಸ್ತಿದ್ರಂತ ನೋಡ್ರಿ, ಗಪ್ಪಂತ ಬಿದ್ದಿರಲಿ ಅಂತ," ಅಂದರು. ಆಮೇಲೆ ದನಿ ತಗ್ಗಿಸಿ, "ನನಗ ಒಂದ ತಿಳೀವಲ್ದು ಟೀಚರ್. ಮಧ್ಯಾಹ್ನ ಮ್ಯಾಲಿಂದ ಕೇಳ್ತಿರ್ತೀನಿ. ಕೂಸು ನಗ್ತದ, ಗಪ್ ನಿಲ್ತದ. ಮತ್ತ ನಗ್ತದ, ಗಪ್ ನಿಲ್ತದ. ಆಕಿ ಸಪ್ಪಳ ಒಂಚೂರು ಇಲ್ಲ. ಅದು ಯಾರ ಜೋಡಿ ನಗ್ತದ್ರಿ?" ಎಂದು ಕೇಳಿದರು.

ನಗುವುದು ಸರಿ, ಗಪ್ಪನೆ ನಿಲ್ಲುವುದು ಯಾಕೆ?

ಅದೇ ವಾರ ಹತ್ತನೆಯ ತರಗತಿಯಲ್ಲಿ ಜನರ ಸ್ವಭಾವ ಹೇಳುವ ಪದಗಳ ಪಾಠ. ಉದಾರ, ಧೈರ್ಯವಂತ, ಸೋಮಾರಿ, ಇವೆಲ್ಲ ಆದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಮಾರಿ ಮ್ಯಾಲ ಏನೂ ತೋರಿಸಲಾರದವ್ರಿಗಿ ಇಂಗ್ಲಿಷ್‌ನ್ಯಾಗ ಏನಂತಾರ್ರಿ?" ಎಂದು ಕೇಳಿದಳು. ನನ್ನ ಮನಸ್ಸನ್ನೇ ಓದಿದಳೇನೋ ಅನ್ನಿಸಿ ಆ ಹುಡುಗಿಯ ಮೇಲೂ ಒಂದು ಗಳಿಗೆ ಸಂಶಯ ಬಂತು.

ಬೋರ್ಡಿನ ಮೇಲೆ ಬರೆಯುತ್ತಾ ಹೋದೆ. ಸ್ಟೋಯಿಕ್: ನೋವು ಬಂದರೂ ಹಲ್ಲು ಕಚ್ಚಿ ತಡೆಯುವವನು; ಇದು ಹೊಗಳಿಕೆ. ರಿಸರ್ವ್ಡ್: ತನ್ನ ಭಾವನೆಯನ್ನು ತನ್ನಲ್ಲೇ ಇಟ್ಟುಕೊಳ್ಳುವವನು, ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಡೆಡ್‌ಪ್ಯಾನ್: ನಗೆಮಾತನ್ನು ನಗದೇ ಹೇಳುವವನು. ಪೋಕರ್ ಫೇಸ್: ಇಸ್ಪೀಟಾಟದಲ್ಲಿ ಕೈಯಲ್ಲಿರುವ ಎಲೆ ಎದುರಿನವನಿಗೆ ತಿಳಿಯದ ಹಾಗೆ ಇಟ್ಟುಕೊಳ್ಳುವ ಮುಖ. ಅಲೂಫ್: ದೂರ ನಿಲ್ಲುವವನು. ಇಂಡಿಫರೆಂಟ್: ಏನಾದರೂ ಆಗಲಿ ನನಗೇನು ಅನ್ನುವವನು. ಕ್ಯಾಲಸ್: ಇನ್ನೊಬ್ಬರ ನೋವು ತಾಗದಷ್ಟು ದಪ್ಪ ಚರ್ಮದವನು.

ಮಕ್ಕಳಿಗೆ ಹಬ್ಬ. "ನಮ್ಮ ಮುತ್ಯಾ ಸ್ಟೋಯಿಕ್ ಅದಾನ್ರಿ, ಹಲ್ಲು ಕೀಳಿಸ್ಕೊಂಡ್ರೂ ಹಾಂ ಅನ್ನಲಿಲ್ಲ," ಅಂದ ಒಬ್ಬ. "ನಮ್ಮ ಎಮ್ಮಿ ಇಂಡಿಫರೆಂಟ್ ಐತ್ರಿ, ಎಷ್ಟ ಹಾರ್ನ್ ಹೊಡದ್ರೂ ರೋಡ್ ಬಿಡಂಗಿಲ್ಲ," ಅಂದ ಇನ್ನೊಬ್ಬ. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ನಕ್ಕು ತಿರುಗಿ ಬೋರ್ಡು ನೋಡಿದರೆ ಪದಗಳು ಮೇಲಿಂದ ಕೆಳಕ್ಕೆ ಒಂದಕ್ಕಿಂತ ಒಂದು ಕೆಟ್ಟದಾಗುತ್ತಾ ಇಳಿದಿದ್ದವು. ಕ್ಯಾಲಸ್ ಅನ್ನುವುದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದವಳು ದೊಡ್ಡವ್ವ. ನನ್ನ ಕೂಸು ಆ ಹೊತ್ತಿನಲ್ಲಿ ಆಕೆಯ ಕೈಯಲ್ಲಿತ್ತು.

ಊಟದ ಬಿಡುವಿನಲ್ಲಿ ಹೆಡ್ ಮಾಸ್ತರರಿಗೆ ತಲೆನೋವು ಅಂದು ಹೇಳಿ ರಸ್ತೆಗೆ ಬಂದೆ. ಗೋಗಿಯಿಂದ ಬರುವ ಆಟೋ ಒಂದು ತುಂಬಿ ತುಳುಕುತ್ತಿತ್ತು. ಡ್ರೈವರನ ಪಕ್ಕ ಅರ್ಧ ಕೂತು ಅರ್ಧ ಜೋತುಬಿದ್ದು ಶಹಾಪುರ ಮುಟ್ಟಿದೆ. ಓಣಿಯ ತಿರುವಿನಲ್ಲಿ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಮುಂಬಾಗಿಲಿಗೆ ಹೋಗದೆ ಪಕ್ಕದ ಸಂದಿಯ ಕಿಟಕಿಗೆ ಹೋದೆ. ಮಹಡಿಯ ಮೇಲಿಂದ ಮಾಲಕರ ಹೆಂಡತಿ ನನ್ನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು.

ಒಳಗೆ ಆಕೆ ಕೌದಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಕೂಸು ಆಕೆಯ ಮೊಣಕಾಲ ಮೇಲೆ, ಎದುರುಬದುರು. ಕೂಸು ಆಕೆಯ ಮೂಗು ಹಿಡಿಯಲು ಹೋಗಿ ಕಿಲಕಿಲ ನಕ್ಕಿತು. ಕೂಡಲೇ ಆಕೆ ಸೆರಗನ್ನು ಎಳೆದು ಕೂಸಿನ ಮುಖದ ಮೇಲೆ ಮುಚ್ಚಿದಳು. ನಗು ಗಪ್ಪನೆ ನಿಂತಿತು. ಆಕೆಯ ಮುಖದಲ್ಲಿ ಸಿಟ್ಟಿಲ್ಲ, ಪ್ರೀತಿಯಿಲ್ಲ, ಬಾಗಿಲು ಹಾಕಿದ ಅಂಗಡಿಯ ಹಾಗಿತ್ತು ಅದು.

ನಾನು ಹೇಗೆ ಒಳಗೆ ನುಗ್ಗಿದೆನೋ ನನಗೆ ನೆನಪಿಲ್ಲ. ಕೂಸನ್ನು ಕಿತ್ತುಕೊಂಡೆ. "ಏನ್ ಮಾಡಾಕತ್ತೀದಿ ನನ್ನ ಕೂಸಿಗಿ? ಉಸಿರು ಕಟ್ಟಿಸಾಕತ್ತೀದಿಯೇನು?" ಎಂದು ಕಿರುಚಿದ್ದು ಮೇಲಿನವರಿಗೆ ಮಾತ್ರವಲ್ಲ, ಹಿಂದಿನ ಓಣಿಗೂ ಕೇಳಿರಬೇಕು.

ಆಕೆ ಎದ್ದಳು. ಗಾಬರಿ ಇಲ್ಲ, ಅಳು ಇಲ್ಲ. "ತೆಳ್ಳನ್ನ ಸೆರಗೈತ್ರಿ. ಉಸಿರಿಗಿ ಏನೂ ಆಗಂಗಿಲ್ಲ," ಅಂದಳು.

"ಮುಚ್ಚೂದು ಯಾತಕ್ಕ?"

"ಅದು ನಗಾಕತ್ತಿತ್ತುರಿ."

"ನಕ್ಕರ?"

ಆಕೆ ನೆಲ ನೋಡಿದಳು. "ನಾ ನೋಡಬಾರದುರಿ. ನನ್ನ ಕಣ್ಣು ಚಲೋ ಇಲ್ಲ."

ಅಷ್ಟರಲ್ಲಿ ನನ್ನ ಕಂಕುಳಲ್ಲಿದ್ದ ಕೂಸು ಆಕೆಯ ಕಡೆ ಕೈಚಾಚಿತು. ಸೆರಗಿನ ತುದಿ ಹಿಡಿದು, ತನ್ನ ಮುಖದ ಮೇಲೆ ತಾನೇ ಎಳೆದುಕೊಂಡು, ಸರಕ್ಕನೆ ತೆಗೆದು, ನಕ್ಕಿತು. ಅದಕ್ಕೆ ಇದು ಆಟವಾಗಿತ್ತು. ಇಷ್ಟು ತಿಂಗಳು ಆಕೆ ಗಾಬರಿಯಿಂದ ಮುಚ್ಚುತ್ತಿದ್ದಳು, ಕೂಸು ಇನ್ನೊಮ್ಮೆ ಮುಚ್ಚಲಿ ಎಂದು ನಗುತ್ತಿತ್ತು. ಮಾಲಕರ ಹೆಂಡತಿಗೆ ಮಧ್ಯಾಹ್ನವೆಲ್ಲ ಕೇಳಿಸುತ್ತಿದ್ದದ್ದು ಇದು. ನಾನು ಕೌದಿಯ ಮೇಲೆ ಕೂತು ಅತ್ತುಬಿಟ್ಟೆ.

ಆಕೆ ನಿಂತುಕೊಂಡೇ ಹೇಳಿದಳು, ಯಾರದೋ ಊರಿನ ಸುದ್ದಿ ಹೇಳುವ ಹಾಗೆ. "ಹಡದಿದ್ದು ಎರಡುರಿ. ಎರಡೂ ನಡಿಯೂದು ಕಲಿಯೂದ್ರೊಳಗ ಹೋದ್ವು. ಎರಡನೇದು ಬಾಳ ನಗತಿತ್ತು, ಹಿಂಗ, ಇದರಂಗ. ನಾನೂ ಅದನ್ನ ನೋಡಿ ಬಾಳ ನಗತಿದ್ದೆ. ನಮ್ಮತ್ತಿ ಅಂದ್ಲು, ನಿನ್ನ ಕಣ್ಣ ನಿನ್ನ ಕೂಸಿನ್ನ ತಿಂತು ಅಂತ. ಮುಂದ ತಮ್ಮನ ಮಗನ್ನ ಎತ್ಕೊಂಡು ಒಮ್ಮಿ ನಕ್ಕೆ. ಅವತ್ತ ಸಂಜಿಕಿ ಅವ ವಾಂತಿ ಮಾಡಿದ. ಏನೂ ಆಗಿಲ್ರಿ, ಈಗ ದೊಡ್ಡಂವ ಆಗ್ಯಾನ. ಆದ್ರ ಅವನವ್ವ ಮತ್ತ ನನ್ನ ಕೈಯಾಗ ಕೊಡಲಿಲ್ಲ."

"ಇದನ್ನ ನನಗ ಮೊದಲ ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ಇಟ್ಕೋತಿದ್ರೇನ್ರಿ?"

ಟೀಚರಲ್ಲವೇ, ಉತ್ತರದ ಬದಲು ಪಾಠ ಮಾಡಿದೆ. ಕಣ್ಣಿನಿಂದ ಯಾರಿಗೂ ಏನೂ ಆಗುವುದಿಲ್ಲ, ಆಗ ಊರಲ್ಲಿ ಡಾಕ್ಟರಿರಲಿಲ್ಲ, ಕೂಸುಗಳಿಗೆ ಭೇದಿಯೋ ಜ್ವರವೋ ಆಗಿರಬೇಕು, ನಿಮ್ಮತ್ತೆ ತನ್ನ ಸಂಕಟಕ್ಕೆ ನಿನ್ನನ್ನು ಹಿಡಿದುಕೊಂಡಳು, ಹೀಗೆ. ಆಕೆ ಪೂರ್ತಿ ಕೇಳಿ "ಇರಬಹುದುರಿ" ಅಂದಳು. ಕೂಸಿನ ಗಂಜಿಯ ಹೊತ್ತಾಗಿತ್ತು, ಅಡುಗೆಮನೆಗೆ ಹೋದಳು.

ಸಂಶಯ ಅಷ್ಟಕ್ಕೆ ನನ್ನನ್ನು ಬಿಡುವಂಥದ್ದಲ್ಲ. ಸಿಕ್ಕಿಬಿದ್ದಾಗ ನಿಂತ ನಿಲುವಿನಲ್ಲಿ ಕಟ್ಟಿದ ಕಥೆಯೇ ಇದು? ಕೆಲವು ದಿನ ಬಿಟ್ಟು ಅದನ್ನೇ ಬೇರೆ ದಿಕ್ಕಿನಿಂದ ಕೇಳಿ ನೋಡಿದೆ. ಅಷ್ಟೇ ಹೇಳಿದಳು, ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅದಾದ ಮೇಲೆ ನನ್ನ ಸಂಶಯ ಆಕೆಯನ್ನು ಬಿಟ್ಟು ನನ್ನ ಪದಗಳ ಕಡೆ ತಿರುಗಿತು. ಆ ಪದಗಳೆಲ್ಲ ಒಂದೇ ಓಣಿಯವು. ಒಳಗೆ ಏನೂ ಇಲ್ಲದವರಿಗೆ ಕೆಲವು, ಒಳಗಿದ್ದದ್ದನ್ನು ತಮ್ಮ ಮರ್ಯಾದೆಗೋ ತಮ್ಮ ಲಾಭಕ್ಕೋ ಬಚ್ಚಿಟ್ಟುಕೊಂಡವರಿಗೆ ಕೆಲವು. ಎದುರಿಗಿರುವ ಕೂಸು ಬದುಕಲಿ ಎಂದು ತನ್ನ ಮುಖಕ್ಕೆ ತಾನೇ ಅಗಳಿ ಹಾಕಿಕೊಂಡ ಹೆಂಗಸಿಗೆ ಒಂದೂ ಇರಲಿಲ್ಲ. ಡಿಕ್ಷನರಿ ತೆಗೆದು ಹುಡುಕಿದೆ. ಇದ್ದರೂ ನನಗೆ ಸಿಗಲಿಲ್ಲ. ಕನ್ನಡದಲ್ಲೂ ನನಗೆ ಗೊತ್ತಿಲ್ಲ.

ನನಗೊಂದು ಹಟ ಹಿಡಿಯಿತು. ಈ ಹೆಂಗಸನ್ನು ನಗಿಸಬೇಕು. ಬೆಳಿಗ್ಗೆ ಹೊರಡುವಾಗ "ದೊಡ್ಡವ್ವ, ಇವತ್ತ ಒಂದ್ಸಲ ನಕ್ಕ ನೋಡು, ಏನೂ ಆಗಂಗಿಲ್ಲ, ಜಿಮ್ಮೇದಾರಿ ನಂದು" ಅನ್ನುವೆ. ಸಂಜೆ ಬಂದು "ನಕ್ಕೆಯೇನು?" ಎಂದು ಕೇಳುವೆ. "ಇಲ್ರಿ" ಅನ್ನುವಳು. ಆದರೆ ಒಂದು ಬದಲಾವಣೆ ಕಂಡೆ. ಸೆರಗು ಮುಚ್ಚುವುದು ಕಡಿಮೆಯಾಯಿತು. ಕೂಸು ನಕ್ಕರೆ ಮುಖ ಹೊರಳಿಸುವಳು, ಹೊರಳಿಸಿದ ಮುಖದ ಕೆನ್ನೆ ಸ್ವಲ್ಪ ಅಲುಗಿದ ಹಾಗಿರುತ್ತಿತ್ತು. ನನಗೆ ಅಷ್ಟೇ ಸಾಕಾಗಿ ಇನ್ನಷ್ಟು ಒತ್ತಾಯ ಮಾಡಿದೆ.

ಒಂದು ಭಾನುವಾರ ಮನೆಯವರು ಊರಲ್ಲಿದ್ದರು. ಆಕೆಗೆ ರಜೆ, ಆದರೂ ಹಿಂದಿನ ದಿನ ಮರೆತಿದ್ದ ಚೀಲ ಒಯ್ಯಲು ಬಂದಿದ್ದಳು. ಕೂಸು ಮಂಚದ ಕಾಲು ಹಿಡಿದು ನಿಂತಿತ್ತು. ಆಕೆಯ ದನಿ ಕೇಳಿದ್ದೇ ತಡ, ಮಂಚ ಬಿಟ್ಟಿತು. ಓಲಾಡಿತು, ನಿಂತಿತು, ಹೆಜ್ಜೆ ಹಾಕಿತು, ಮತ್ತೆ ಹಾಕಿತು. ನಾನು ಇತ್ತ ಕೈಚಾಚಿದ್ದೇನೆ, ಅವರಪ್ಪ ಅತ್ತ ಕೈಚಾಚಿದ್ದಾರೆ. ನಮ್ಮಿಬ್ಬರನ್ನೂ ಬಿಟ್ಟು ಕೂಸು ನೇರ ಬಾಗಿಲ ಬಳಿ ಕೂತಿದ್ದ ಆಕೆಯ ಮಡಿಲಿಗೆ ಹೋಗಿ ಬಿತ್ತು.

ಆಕೆ ನಕ್ಕಳು. ಬಹಳ ದಿನ ಮುಚ್ಚಿದ್ದ ಬಾಗಿಲು ತೆರೆದ ಹಾಗೆ ಮೊದಲು ಕಿರ್ ಎಂದಿತು, ಆಮೇಲೆ ಮನೆ ತುಂಬಾ ಆಯಿತು. ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಕೂಸಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ನೋಡಿ, ನೋಡಿ ನಕ್ಕಳು. ನಾನು ಚಪ್ಪಾಳೆ ತಟ್ಟಿ "ನೋಡು! ಏನಾತು? ಏನರ ಆತೇನು?" ಎಂದು ಗೆದ್ದವಳ ಹಾಗೆ ಕೂಗಿದೆ. ಮನೆಯವರು ಫೋಟೋ ತೆಗೆಯಬೇಕಿತ್ತು ಅಂದರು. ಅಷ್ಟರಲ್ಲಿ ಆಕೆ ಬಾಯಿಗೆ ಕೈ ಅಡ್ಡ ಹಿಡಿದು, ಚೀಲವನ್ನೂ ಬಿಟ್ಟು ಹೋಗಿಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಕೂಸಿನ ಮೈ ಬಿಸಿ. ಆ ತಿಂಗಳು ಊರಿನಲ್ಲಿ ಮನೆಗೊಂದು ಕೂಸು ಜ್ವರ ಹಿಡಿದು ಮಲಗಿತ್ತು, ಮಾಲಕರ ಮೊಮ್ಮಗನೂ ಮಲಗಿದ್ದ. ಔಷಧಿ ಹಾಕಿದೆ, ಇಳಿಯಿತು, ಮತ್ತೆ ಏರಿತು. ಮಧ್ಯಾಹ್ನದ ಹೊತ್ತಿಗೆ ನನ್ನ ತೊಡೆಯ ಮೇಲೆಯೇ ಕೂಸಿನ ಕಣ್ಣು ಮೇಲೆ ಸಿಕ್ಕಿಕೊಂಡವು, ಕೈಕಾಲು ಸೆಟೆದು ಅದುರತೊಡಗಿದವು. ಮನೆಯವರು ಅದೃಷ್ಟಕ್ಕೆ ಇನ್ನೂ ಹೊರಟಿರಲಿಲ್ಲ. ಓಣಿಯವರ ಕಾರಿನಲ್ಲಿ ಯಾದಗಿರಿಗೆ ಓಡಿದೆವು. ಆ ಹಾದಿಯಲ್ಲಿ ನನ್ನ ತಲೆಯೊಳಗೆ ಏನೇನು ಬಂದು ಹೋಯಿತು ಅನ್ನುವುದನ್ನು ನಾನು ಯಾರಿಗೂ ಹೇಳಿಲ್ಲ, ಮನೆಯವರಿಗೂ.

ಮಕ್ಕಳ ಡಾಕ್ಟರು ಸಮಾಧಾನದ ಮನುಷ್ಯ. "ಜ್ವರ ಏರಿದಾಗ ಸಣ್ಣ ಕೂಸುಗಳಿಗಿ ಹಿಂಗ ಆಗೂದು ಅದ ಅಮ್ಮ. ಅಂಜಬ್ಯಾಡ್ರಿ, ಇದರಿಂದ ಮುಂದ ಏನೂ ತೊಂದರಿ ಆಗಂಗಿಲ್ಲ," ಅಂದರು. ಹಾಗೆಯೇ ಆಯಿತು. ಕೂಸು ಚೇತರಿಸಿಕೊಂಡಿತು, ನರ್ಸಿನ ಪೆನ್ನು ಕಸಿದುಕೊಂಡು ನಕ್ಕಿತು, ಮನೆಗೆ ಕರೆದುಕೊಂಡು ಬಂದೆವು. ಮನೆಯಲ್ಲಿ ಆಕೆಯ ಚೀಲ ಇಟ್ಟಲ್ಲೇ ಇತ್ತು. ಕೂಸಿನ ಸುದ್ದಿ ಹಿಂದಿನ ಓಣಿಗೂ ಮುಟ್ಟಿತ್ತು, ಆಕೆ ಮಾತ್ರ ಬಂದಿರಲಿಲ್ಲ. ಮರುದಿನವೂ ಬರಲಿಲ್ಲ.

ಕೂಸನ್ನು ಅವರಪ್ಪನ ಕೈಗೆ ಕೊಟ್ಟು ಹಿಂದಿನ ಓಣಿಗೆ ಹೋದೆ. ಒಂದೇ ಖೋಲಿಯ ಮನೆ. ಆಕೆ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಒಳಗೆ ಬರ್ರಿ ಅನ್ನಲಿಲ್ಲ. ಮುಖ ಮೊದಲಿನ ಮುಖವೇ.

"ಆರಾಮ್ ಐತೇನ್ರಿ?"

"ಆರಾಮ್ ಐತಿ ದೊಡ್ಡವ್ವ. ಓಡ್ಯಾಡಾಕತ್ತೈತಿ. ನಾಳಿಂದ ಬಾ."

"ಇಲ್ರಿ ಅಕ್ಕೋರ. ಬ್ಯಾರೇ ಯಾರನ್ನಾರ ನೋಡ್ಕೋರಿ."

ನಾನು ಮತ್ತೆ ಪಾಠ ಶುರು ಮಾಡಿದೆ. ಊರ ತುಂಬ ಜ್ವರ ಇರುವುದನ್ನು ಹೇಳಿದೆ. ಮಾಲಕರ ಮೊಮ್ಮಗನ ವಿಷಯ ಹೇಳಿ, ಅವನನ್ನು ನೋಡಿ ಯಾರು ನಕ್ಕಿದ್ದರು ಎಂದು ಕೇಳಿದೆ. ಡಾಕ್ಟರು ಅಂದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಆಕೆ ಮೊರ ಹಿಡಿದುಕೊಂಡೇ ಎಲ್ಲ ಕೇಳಿದಳು. ಕೇಳಿ ಮುಗಿದ ಮೇಲೆ, "ಒಂದ ಮಾತು ಖರೇ ಹೇಳ್ರಿ," ಅಂದಳು. "ಕೂಸಿನ ಕಣ್ಣು ಮ್ಯಾಲ ಹೋದಾಗ, ನಾ ನಕ್ಕಿದ್ದು ನಿಮಗ ನೆನಪಾಗಲಿಲ್ಲೇನು?"

ಇಲ್ಲ ಅಂದೆ. ಜೋರಾಗಿಯೇ ಅಂದೆ.

ಆಕೆ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ಇಷ್ಟು ತಿಂಗಳಲ್ಲಿ ಆಕೆ ನನ್ನನ್ನು ಹಾಗೆ ನೇರ ನೋಡಿದ್ದು ಅದೇ ಮೊದಲು. ಆ ಗಳಿಗೆಯಲ್ಲಿ ನನಗೆ ಬೇಕಾಗಿದ್ದದ್ದು ನಾನು ಬೋರ್ಡಿನ ಮೇಲೆ ಬರೆದ ಮುಖಗಳಲ್ಲಿ ಯಾವುದಾದರೂ ಒಂದು. ಯಾವುದಾದರೂ ಆಗುತ್ತಿತ್ತು. ನನ್ನ ಮುಖ ಎಂಥದೆಂದರೆ ಬಸ್ಸಿನ ಕಂಡಕ್ಟರನೂ ಓದಬಲ್ಲ.

"ಇರಲಿ ಬಿಡ್ರಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನ ಮೇಲೆ ಮರುಕವೇ ಇತ್ತು ಅನ್ನಿಸುತ್ತದೆ. "ನಾ ಬಂದ್ರ ಬರಬಹುದುರಿ. ಆದ್ರ ನಾಳಿ ಅದು ಸೀನಿದ್ರೂ ನೀವು ಕೂಸಿನ್ನ ನೋಡೂದ್ಕಿಂತ ಮೊದಲ ನನ್ನ ಮಾರಿ ನೋಡ್ತೀರಿ."

ನೋಡುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಕೆ ಕಾಯುತ್ತಾ ನಿಂತಳು. ಕೂಸು ಸೀನಿದರೆ ನಾನು ಮೊದಲು ಆಕೆಯ ಮುಖವನ್ನೇ ನೋಡುವವಳು.